ಐಸಿಸ್ ಎಂಬ ಹೆಸರು

ಮೊದಲ ನೂರು ಕ್ಷುದ್ರಗ್ರಹಗಳ ಯಾದಿ ಓದಿದರೆ ಹಳೆಯ ದೇವತೆಯರ ಮೆರವಣಿಗೆ ಕಂಡಂತಾಗುತ್ತದೆ. ಹೆಚ್ಚಿನವರು ಗ್ರೀಕರ, ರೋಮನ್ನರ ದೇವಿಯರು. ಅವರ ನಡುವೆ 42ನೆಯವಳು ಈಜಿಪ್ಟಿನ ಐಸಿಸ್. ಬಹಳ ಕಾಲ ಅವಳನ್ನೂ ಬರೀ ದೇವತೆ ಎಂದೇ ನಾನು ತಿಳಿದಿದ್ದೆ.

1856ರ ಮೇ 23ರಂದು ಇದನ್ನು ಕಂಡವನು ನಾರ್ಮನ್ ಪಾಗ್ಸನ್. ಆಗ ಆತ ಆಕ್ಸ್‌ಫರ್ಡಿನ ರ‍್ಯಾಡ್‌ಕ್ಲಿಫ್ ವೀಕ್ಷಣಾಲಯದಲ್ಲಿ ಸಹಾಯಕ. ಫೋಟೋ ತೆಗೆದು ಕ್ಷುದ್ರಗ್ರಹ ಹುಡುಕುವ ಕಾಲ ಇನ್ನೂ ಬಂದಿರಲಿಲ್ಲ. ನಕ್ಷತ್ರಪಟವನ್ನು ಪಕ್ಕಕ್ಕಿಟ್ಟುಕೊಂಡು ದೂರದರ್ಶಕದಲ್ಲಿ ಕಾಣುವ ಚುಕ್ಕೆಗಳನ್ನು ಒಂದೊಂದಾಗಿ ತಾಳೆ ನೋಡಬೇಕು. ಪಟದಲ್ಲಿಲ್ಲದ ಚುಕ್ಕೆ ಸಿಕ್ಕರೆ, ಅದು ಜಾಗ ಬದಲಿಸುತ್ತದೆಯೇ ಎಂದು ಕಾಯಬೇಕು. ಹೆಸರನ್ನು ಆರಿಸಿದ್ದು ಮಾತ್ರ ವೀಕ್ಷಣಾಲಯದ ಮುಖ್ಯಸ್ಥ ಮ್ಯಾನುಯೆಲ್ ಜಾನ್ಸನ್. ಆಕ್ಸ್‌ಫರ್ಡಿನ ಬಳಿ ಹರಿಯುವ ಥೇಮ್ಸ್ ನದಿಗೂ ಐಸಿಸ್ ಎಂಬ ಹೆಸರುಂಟು. ಪಾಗ್ಸನ್‌ನ ಮೂರು ವರ್ಷದ ಮಗಳ ಹೆಸರು ಎಲಿಜಬೆತ್ ಐಸಿಸ್. ದೇವತೆ, ನದಿ, ಮಗು. ನಾನಂತೂ ಮಗುವಿನ ಪಕ್ಷ.

ಕ್ಷುದ್ರ ಎನ್ನುತ್ತೇವೆ, ಆದರೆ ಈ ಬಂಡೆಯ ಅಡ್ಡಳತೆ ಸುಮಾರು 100 ಕಿಲೋಮೀಟರ್. ಮಂಗಳ ಮತ್ತು ಗುರುಗಳ ನಡುವೆ, ಸೂರ್ಯನಿಂದ ಭೂಮಿಗಿರುವ ದೂರದ ಸರಾಸರಿ 2.44 ಪಟ್ಟು ಆಚೆ, ಕೊಂಚ ಎಳೆದ ದೀರ್ಘವೃತ್ತದಲ್ಲಿ ಸುತ್ತುತ್ತದೆ. ಒಂದು ಸುತ್ತಿಗೆ ಸುಮಾರು 3.8 ವರ್ಷ.

1861ರಲ್ಲಿ ಪಾಗ್ಸನ್ ಮದರಾಸು ವೀಕ್ಷಣಾಲಯದ ಮುಖ್ಯಸ್ಥನಾಗಿ ಬಂದ. ಅದೇ ವರ್ಷ ಅಲ್ಲಿಂದ ಕಂಡ 67ನೆಯ ಕ್ಷುದ್ರಗ್ರಹಕ್ಕೆ ಏಷ್ಯಾ ಎಂದು ಹೆಸರಾಯಿತು. ಈ ಖಂಡದಿಂದ ಪತ್ತೆಯಾದ ಮೊದಲನೆಯದು ಅದು. ಮಗಳು ಐಸಿಸ್ 1873ರಲ್ಲಿ ಅದೇ ವೀಕ್ಷಣಾಲಯದಲ್ಲಿ ಸಹಾಯಕಿಯಾದಳು. 1881ರಿಂದ ಮದರಾಸು ಸರ್ಕಾರಕ್ಕೆ ಹವಾಮಾನದ ವರದಿ ಒಪ್ಪಿಸುವ ಹೊಣೆಯೂ ಅವಳದೇ.

1886ರಲ್ಲಿ ಲಂಡನ್ನಿನ ರಾಯಲ್ ಆಸ್ಟ್ರನಾಮಿಕಲ್ ಸೊಸೈಟಿಯ ಸದಸ್ಯತ್ವಕ್ಕೆ ಅಪ್ಪ ಅವಳ ಹೆಸರನ್ನು ಸೂಚಿಸಿದ. ಸೊಸೈಟಿ ವಕೀಲರನ್ನು ಕೇಳಿತು. 1831ರ ಸನದಿನಲ್ಲಿ ಸದಸ್ಯರನ್ನು ಕುರಿತು ‘ಅವನು’ ಎಂದಷ್ಟೇ ಇದೆ, ಹೆಂಗಸರಿಗೆ ಅವಕಾಶವಿಲ್ಲ ಎಂದು ಉತ್ತರ ಬಂತು. ಸೂಚನೆಯನ್ನು ಹಿಂದಕ್ಕೆ ಪಡೆಯಲಾಯಿತು. ಹದಿಮೂರು ವರ್ಷ ವೀಕ್ಷಣಾಲಯದಲ್ಲಿ ದುಡಿದವಳ ಅರ್ಹತೆಯ ಪ್ರಶ್ನೆ ಒಂದು ಸರ್ವನಾಮದ ಮುಂದೆ ನಿಂತುಹೋಯಿತು! ದೇವತೆಯರ ಹೆಸರುಗಳಿಂದ ಆಕಾಶವನ್ನು ತುಂಬಿದ ಖಗೋಳಜ್ಞರ ಕೂಟವೇ ಇದು ಎಂದು ನೆನೆದರೆ ನನಗೆ ನಗುವೂ ಬರುತ್ತದೆ, ಸಿಟ್ಟೂ ಬರುತ್ತದೆ.

ಪಾಗ್ಸನ್ 1891ರಲ್ಲಿ ಮದರಾಸಿನಲ್ಲೇ ತೀರಿಕೊಂಡ. ಐಸಿಸ್ ಕೆಲಸ ಮುಂದುವರಿಸಿ ನಿವೃತ್ತಳಾದಳು, 1902ರಲ್ಲಿ ಮದುವೆಯಾಗಿ ಶ್ರೀಮತಿ ಕೆಂಟ್ ಆದಳು. 1916ರಲ್ಲಿ ಸೊಸೈಟಿ ಮೊದಲ ಬಾರಿಗೆ ಮಹಿಳೆಯರನ್ನು ಸದಸ್ಯರನ್ನಾಗಿ ಆರಿಸಿತು. ಐಸಿಸ್‌ಳ ಸರದಿ ಬಂದದ್ದು 1920ರಲ್ಲಿ. ಆಗ ಆಕೆಗೆ ಅರವತ್ತೆಂಟು. ಸೂಚಿಸಿದ್ದ ಅಪ್ಪ ಹೋಗಿ ಇಪ್ಪತ್ತೊಂಬತ್ತು ವರ್ಷವಾಗಿತ್ತು. 1886ರಿಂದೀಚೆಗೆ ಅವಳ ಹೆಸರಿನ ಬಂಡೆ ಸೂರ್ಯನನ್ನು ಹೆಚ್ಚುಕಡಿಮೆ ಒಂಬತ್ತು ಸುತ್ತು ಬಂದಿತ್ತು.