ಎರಡಕ್ಷರದ ಬಾವುಟ

ಸ್ವಾತಂತ್ರ್ಯ ದಿನದ ಶುಭಾಶಯದೊಡನೆ ನಿಮ್ಮ ಮೊಬೈಲಿಗೆ ಬರುವ ಪುಟ್ಟ ತ್ರಿವರ್ಣ ಧ್ವಜವನ್ನು ಗಮನಿಸಿದ್ದೀರಾ? ಅದು ಚಿತ್ರವಾಗಿ ಬಂದಿರುವುದಿಲ್ಲ. ಬಂದಿರುವುದು 'ಐ' ಮತ್ತು 'ಎನ್' ಎಂಬ ಎರಡು ಇಂಗ್ಲಿಷ್ ಅಕ್ಷರಗಳ ಸಂಕೇತಗಳು. ಯುಟಿಎಫ್-8ರಲ್ಲಿ ಒಟ್ಟು 8 ಬೈಟ್‌ಗಳು. ಅವನ್ನು ಓದಿ ಬಾವುಟ ಬಿಡಿಸುವುದು ಫೋನಿನಲ್ಲಿರುವ ಫಾಂಟ್.

ಇಷ್ಟೊಂದು ಸುತ್ತುಬಳಸು ಏಕೆ? ಕಾರಣ ಜಪಾನಿನಲ್ಲಿದೆ. ಅಲ್ಲಿನ ಮೊಬೈಲ್ ಕಂಪೆನಿಗಳ ಇಮೋಜಿಗಳಲ್ಲಿ ಹತ್ತೇ ದೇಶಗಳ ಧ್ವಜಗಳಿದ್ದವು: ಜಪಾನ್, ಚೀನಾ, ದಕ್ಷಿಣ ಕೊರಿಯ, ಅಮೆರಿಕ, ಬ್ರಿಟನ್, ಫ್ರಾನ್ಸ್, ಜರ್ಮನಿ, ಇಟಲಿ, ಸ್ಪೇನ್ ಮತ್ತು ರಷ್ಯ. ಭಾರತದ್ದಿರಲಿಲ್ಲ. ಇಮೋಜಿಗಳನ್ನು ಯೂನಿಕೋಡ್‌ಗೆ ಸೇರಿಸುವಾಗ ಈ ಹತ್ತನ್ನೇ ಉಳಿಸಿಕೊಂಡರೆ ಉಳಿದ ದೇಶಗಳು ಸುಮ್ಮನಿರುತ್ತವೆಯೆ? ಎಲ್ಲವನ್ನೂ ಸೇರಿಸೋಣವೆಂದರೆ, ಯಾವುದು ದೇಶ, ಯಾವುದು ಅಲ್ಲ ಎಂದು ತೀರ್ಮಾನಿಸುವವರು ಯಾರು?

2010ರ ಅಕ್ಟೋಬರಿನಲ್ಲಿ ಬಂದ ಯೂನಿಕೋಡ್ 6.0 ಆವೃತ್ತಿ ಜಾಣತನದಿಂದ ನುಣುಚಿಕೊಂಡಿತು. ಅದು ಧ್ವಜಗಳನ್ನು ಸೇರಿಸಲೇ ಇಲ್ಲ. 'ಎ'ಯಿಂದ 'ಝಡ್'ವರೆಗೆ 26 ವಿಶೇಷ ಅಕ್ಷರಗಳನ್ನಷ್ಟೇ ಕೊಟ್ಟಿತು. ಎರಡೆರಡನ್ನು ಜೋಡಿಸಿದರೆ 676 ಜೋಡಿಗಳಾಗುತ್ತವೆ. ಯಾವ ಜೋಡಿ ಯಾವ ದೇಶದ್ದೆಂಬುದಕ್ಕೆ 1974ರಲ್ಲಿ ಮೊದಲು ಪ್ರಕಟವಾದ ಐಎಸ್‌ಒ 3166 ಪಟ್ಟಿಯೇ ಆಧಾರ. ಅದರಲ್ಲಿರುವುದು ಸುಮಾರು 250 ಸಂಕೇತಗಳು.

ಈ ಏರ್ಪಾಡಿನಲ್ಲಿ ಒಂದು ತಮಾಷೆಯ ದೋಷವಿದೆ. ಭಾರತ, ಅಮೆರಿಕಗಳ ಧ್ವಜಗಳನ್ನು ಒತ್ತಾಗಿ ಬರೆದರೆ ಸಂಕೇತಗಳ ಸಾಲು 'ಐ, ಎನ್, ಯು, ಎಸ್'. ಮೊದಲ ಸಂಕೇತ ಕಳೆದುಹೋದರೆ? 'ಎನ್, ಯು' ಜೋಡಿಯಾಗಿ ಶಾಂತಸಾಗರದ ನಿಯುಯೆ ದ್ವೀಪದ ಧ್ವಜ ಹಾರುತ್ತದೆ, 'ಎಸ್' ಒಂಟಿಯಾಗುತ್ತದೆ. ಪೈಥಾನ್ ಬಲ್ಲ ವಿದ್ಯಾರ್ಥಿಗಳು ಮಾಡಿ ನೋಡಬಹುದು.

ದೇಶ ತನ್ನ ಬಾವುಟ ಬದಲಿಸಿದರೂ ಸಂಕೇತ ಬದಲಾಗಬೇಕಿಲ್ಲ. 2017ರಲ್ಲಿ ಮಾರಿಟಾನಿಯ ತನ್ನ ಧ್ವಜಕ್ಕೆ ಎರಡು ಕೆಂಪು ಪಟ್ಟಿಗಳನ್ನು ಸೇರಿಸಿದಾಗ ಫಾಂಟ್‌ನ ಚಿತ್ರ ತಿದ್ದಿದರೆ ಸಾಕಾಯಿತು.

ಆದರೆ ರಾಜಕೀಯ ತಪ್ಪಿತೆಂದಲ್ಲ, ಅದು ಫೋನ್ ತಯಾರಕರ ಮನೆಗೆ ಹೋಯಿತು ಅಷ್ಟೆ. ತೈವಾನ್‌ಗೆ ಪಟ್ಟಿಯಲ್ಲಿ 'ಟಿಡಬ್ಲ್ಯು' ಎಂಬ ಸಂಕೇತವಿದೆ. ಚೀನಾಕ್ಕೆಂದು ಹೊಂದಿಸಿದ ಐಫೋನ್‌ಗಳಲ್ಲಿ ಆ ಧ್ವಜವನ್ನು ಮರೆಮಾಡಲಾಗಿತ್ತು. ಮರೆಮಾಡುವ ಈ ಕ್ರಮವಿಧಿಯಲ್ಲೇ ದೋಷವಿದ್ದು, ಧ್ವಜ ಬಂದೊಡನೆ ಕೆಲವು ಫೋನ್‌ಗಳಲ್ಲಿ ಆ್ಯಪ್‌ಗಳು ಕುಸಿಯುತ್ತಿದ್ದುದು 2018ರಲ್ಲಿ ಬೆಳಕಿಗೆ ಬಂತು. ವಿಂಡೋಸ್ 10ರ ಫಾಂಟ್‌ನಲ್ಲಂತೂ ಯಾವ ದೇಶದ ಬಾವುಟವೂ ಇರಲಿಲ್ಲ; ಎರಡು ಅಕ್ಷರಗಳಷ್ಟೇ ಕಾಣುತ್ತಿದ್ದವು.

2017ರಲ್ಲಿ ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್‌ಗಳಿಗೂ ಧ್ವಜಗಳು ದೊರೆತವು. ಕಪ್ಪು ಬಾವುಟದ ಇಮೋಜಿಯ ಬೆನ್ನಿಗೆ ಪ್ರಾಂತದ ಸಂಕೇತವನ್ನು ಕಣ್ಣಿಗೆ ಕಾಣದ ಅಕ್ಷರಗಳಲ್ಲಿ ಅಂಟಿಸುವುದು ಇಲ್ಲಿನ ಉಪಾಯ. ಇದೇ ರೀತಿ ಕರ್ನಾಟಕದ 'ಐಎನ್-ಕೆಎ' ಸಂಕೇತವನ್ನೂ ನಿಯಮಬದ್ಧವಾಗಿ ಬರೆಯಬಹುದು. ಹೊಸ ಧ್ವಜಗಳ ಪ್ರಸ್ತಾವಗಳನ್ನು ಸ್ವೀಕರಿಸುವುದಿಲ್ಲವೆಂದು ಯೂನಿಕೋಡ್ 2022ರಲ್ಲಿ ಪ್ರಕಟಿಸಿತು. ಹಾಗಾಗಿ ಫಾಂಟ್‌ನಲ್ಲಿ ಚಿತ್ರವಿಲ್ಲದ ಫೋನಿಗೆ ಅದನ್ನು ಕಳುಹಿಸಿದರೆ ಕಾಣುವುದು ಬರಿಯ ಕಪ್ಪು ಬಾವುಟ.