ಕೋಳಿ ಬೇಯುವ ಹೊತ್ತು

ವಿಲೆ ಪಾರ್ಲೆಯ ಪೂರ್ವಭಾಗದಲ್ಲಿ ನಾನಿರುವ ಕಟ್ಟಡದ ಕೆಲವು ಮನೆಗಳಲ್ಲಿ ಈಗ ಅಡಿಗೆ ಕಟ್ಟೆಯ ಮೇಲೊಂದು ಸ್ಲೋ ಕುಕ್ಕರ್ ಕಾಣುತ್ತದೆ. ಬೆಳಿಗ್ಗೆ ಕೋಳಿ, ನೀರುಳ್ಳಿ, ಮಸಾಲೆ ಹಾಕಿ ಗುಂಡಿ ತಿರುಗಿಸಿ ಹೊರಟರೆ ಸಂಜೆ ಮನೆಮಂದಿ ಕೂತು ಉಣ್ಣುವಂತೆ ಪದಾರ್ಥ ಸಿದ್ಧ. ಇದು ಅಮೆರಿಕದಿಂದ ಬಂದ ಹೊಸ ಸೌಕರ್ಯ ಎಂದು ಹೆಚ್ಚಿನವರು ನಂಬಿದ್ದಾರೆ. ನಾನು ಒಪ್ಪುವುದಿಲ್ಲ. ಯಾರೂ ಎದುರು ನಿಂತು ಕಾಯದೆ ತನ್ನಷ್ಟಕ್ಕೇ ಬೇಯುವ ಕೋಳಿ ಮುಂಬಯಿಗೆ ನೂರೈವತ್ತು ವರ್ಷದಿಂದ ಗೊತ್ತು. ನಮ್ಮ ಕುಂದಾಪುರದ ಒಲೆಗಳಿಗೆ ಅದಕ್ಕಿಂತ ಮೊದಲೇ ಗೊತ್ತಿರಬೇಕು. ನಡುವೆ ಒಂದೆರಡು ತಲೆಮಾರು ನಾವು ಅದನ್ನು ಮರೆತಿದ್ದೆವು, ಅಷ್ಟೆ.

ಸಣ್ಣ ಉರಿಯ ಅಡಿಗೆ ಎಂದರೆ ಪುರುಸೊತ್ತಿದ್ದವರ ಅಡಿಗೆ ಎಂಬ ಮಾತೂ ಚಾಲ್ತಿಯಲ್ಲಿದೆ. ಅದು ತಲೆಕೆಳಗಾದ ಮಾತು. ನನ್ನ ಅಮ್ಮನಿಗೆ ಪುರುಸೊತ್ತು ಇದ್ದದ್ದನ್ನು ನಾನು ನೋಡಿಲ್ಲ. ನಟ್ಟಿಯ ದಿನಗಳಲ್ಲಿ ಬೆಳಗಾಗುವ ಮೊದಲೇ ದೊಡ್ಡ ಒಲೆಯಲ್ಲಿ ಕುಚ್ಚಲಕ್ಕಿ ಅನ್ನ ಕುದಿಸಿ, ಗಂಜಿ ಬಸಿದು, ಉರಿಯುವ ಕೊಳ್ಳಿಗಳನ್ನು ಹೊರಗೆಳೆದು, ಉಳಿದ ಕೆಂಡದ ಮೇಲೆ ಕೋಳಿಯ ಮಣ್ಣಿನ ಅಳಗೆ ಇಡುತ್ತಿದ್ದಳು. ಬಾಯಿಗೊಂದು ಮುಚ್ಚಳ, ಮುಚ್ಚಳದ ಮೇಲೊಂದು ಕಲ್ಲು. ಆಮೇಲೆ ಗದ್ದೆಗೆ. ಮಧ್ಯಾಹ್ನ ಕೆಸರುಕಾಲಲ್ಲಿ ಬಂದು ಕಾಯಿಹಾಲು ಹಾಕಿ, ಒಂದು ಕುದಿ ಬರಿಸಿ, ಒಗ್ಗರಣೆ ಕೊಟ್ಟರೆ ಮುಗಿಯಿತು. ಗದ್ದೆ, ಹಟ್ಟಿ, ಮಕ್ಕಳು ಮೂರನ್ನೂ ನೋಡುವ ಹೆಂಗಸಿಗೆ ಒಲೆಯ ಮುಂದೆ ನಿಲ್ಲಲು ಹೊತ್ತಿರಲಿಲ್ಲ. ಅದಕ್ಕೇ ಅಳಗೆ ಕೆಂಡದ ಮೇಲೆ ಕೂತಿತ್ತು.

ಆ ಕೋಳಿಗೂ ಅಷ್ಟು ಹೊತ್ತು ಬೇಕಿತ್ತು. ಮನೆಯಲ್ಲಿ ಕೊಯ್ಯುತ್ತಿದ್ದದ್ದು ಮೊಟ್ಟೆ ನಿಲ್ಲಿಸಿದ ಹೇಂಟೆಯನ್ನು, ಇಲ್ಲವೇ ವಯಸ್ಸಾದ ಹುಂಜವನ್ನು. ಕೋಳಿಪಡೆಯಲ್ಲಿ ಗೆದ್ದು ತಂದ ಹುಂಜವಂತೂ ಇನ್ನೂ ಗಟ್ಟಿ. ಅಂಗಳ ಕೆದಕಿ, ಗುಡ್ಡೆ ಹತ್ತಿ ಬೆಳೆದ ಕೋಳಿಯ ಕಾಲಿನ ಮಾಂಸದಲ್ಲಿ ಕೊಲಾಜೆನ್ ಎಂಬ ಪ್ರೋಟೀನು ಗಟ್ಟಿಯಾಗಿ ಹೆಣೆದುಕೊಂಡಿರುತ್ತದೆ. 70 ಡಿಗ್ರಿ ಸೆಲ್ಸಿಯಸ್ ಮೀರಿದ ಶಾಖದಲ್ಲಿ ಗಂಟೆಗಟ್ಟಲೆ ಇದ್ದಾಗ ಅದು ಜೆಲಾಟಿನ್ ಆಗಿ ಕರಗಿ ಸಾರಿಗೆ ಇಳಿಯುತ್ತದೆ. ಊರ ಕೋಳಿಯ ಸಾರು ತುಟಿಗೆ ಅಂಟುವುದು, ತಣಿದಾಗ ಗಟ್ಟಿಯಾಗುವುದು ಇದರಿಂದಲೇ. ಉರಿ ಹೆಚ್ಚು ಮಾಡಿದರೆ ಮಾಂಸದ ನೀರು ಹೊರಟುಹೋಗಿ ಎಳೆ ಬಿಗಿದುಕೊಳ್ಳುತ್ತದೆ. ಅಮ್ಮನಿಗೆ ಕೊಲಾಜೆನ್ ಗೊತ್ತಿರಲಿಲ್ಲ, ಕೆಂಡದ ಅಳತೆ ಗೊತ್ತಿತ್ತು. ಬ್ಯಾಡಗಿ ಮೆಣಸು, ಕೊತ್ತಂಬರಿ, ಜೀರಿಗೆ, ಕಾಳುಮೆಣಸು, ಮೆಂತೆ, ಬೆಳ್ಳುಳ್ಳಿ ಸೇರಿದ ಕುಂದಾಪುರದ ಮಸಾಲೆ ಪುಡಿ ಎಲುಬಿನವರೆಗೆ ಇಳಿಯುವುದು ಆ ಹೊತ್ತಿನಲ್ಲೇ.

ಈ ಅಡಿಗೆ ಮುಂಬಯಿಗೆ ಬರುವಾಗ ಒಲೆಯನ್ನು ಊರಲ್ಲೇ ಬಿಟ್ಟು ಬರಬೇಕಾಯಿತು. ನಮ್ಮ ಕರಾವಳಿಯವರು ಈ ನಗರಕ್ಕೆ ಬಂದದ್ದು ಬಹಳ ಹಿಂದೆ. ಮೊಗವೀರ ವ್ಯವಸ್ಥಾಪಕ ಮಂಡಳಿ ಹುಟ್ಟಿದ್ದು 1902ರಲ್ಲಿ, ಬಂಟರ ಸಂಘ 1927ರಲ್ಲಿ. ಬಂದವರಲ್ಲಿ ಹೆಚ್ಚಿನವರು ಒಂಟಿ ಗಂಡಸರು. ಹಗಲು ಹೋಟೆಲು ಅಥವಾ ಕಚೇರಿ, ಸಂಜೆ ರಾತ್ರಿ ಶಾಲೆ, ಮಲಗಲು ಚಾಳಿನ ಒಂದು ಕೋಣೆ. ಕೋಣೆಯಲ್ಲಿ ಇದ್ದಿಲಿನ ಸಿಗಡಿ, ಇಲ್ಲವೇ ಪಂಪ್ ಹೊಡೆಯುವ ಸೀಮೆಎಣ್ಣೆ ಸ್ಟೌ. ಆ ಸ್ಟೌ ಉರಿದರೆ ಭೋರ್ಗರೆಯುತ್ತದೆ, ಸಣ್ಣಗೆ ಉರಿ ಎಂದರೆ ಆರಿಹೋಗುತ್ತದೆ. ಅದರ ಮೇಲೆ ಮಣ್ಣಿನ ಅಳಗೆ ಬಾಳುವುದಿಲ್ಲ. ಕೋಳಿ ಭಾನುವಾರಕ್ಕೆ ಮೀಸಲಾದದ್ದು ಹೀಗೆ. ವಾರದ ರಾತ್ರಿ ದಣಿದು ಬಂದವನು ಸ್ಟೌ ಮುಂದೆ ಎರಡು ಗಂಟೆ ಕೂರುವುದು ಆಗದ ಮಾತು.

ಇಲ್ಲಿ ಒಂದು ಉಪಕರಣದ ಕಥೆ ಹೇಳಲೇಬೇಕು, ಏಕೆಂದರೆ ಅದನ್ನು ನಾವು ಅನ್ಯಾಯವಾಗಿ ಮರೆತಿದ್ದೇವೆ. ಕಲ್ಕತ್ತೆಯಲ್ಲಿ ಇಂದುಮಾಧವ ಮಲ್ಲಿಕ್ ಎಂಬವರಿದ್ದರು. ವೈದ್ಯರೂ ಹೌದು, ಕಾನೂನು ಓದಿದವರೂ ಹೌದು. ಪುರಿಯ ಜಗನ್ನಾಥ ದೇವಸ್ಥಾನದಲ್ಲಿ ಒಂದರ ಮೇಲೊಂದು ಮಡಕೆ ಏರಿಸಿ ಹಬೆಯಲ್ಲಿ ಮಹಾಪ್ರಸಾದ ಬೇಯಿಸುವುದನ್ನು ಕಂಡು, 1910ರ ಹೊತ್ತಿಗೆ ಅವರು ಇಕ್ಮಿಕ್ ಕುಕ್ಕರ್ ಎಂಬುದನ್ನು ರೂಪಿಸಿದರು. ಹೊರಗೊಂದು ಉದ್ದನೆಯ ಡಬ್ಬಿ, ಒಳಗೆ ಟಿಫಿನ್ ಕ್ಯಾರಿಯರ್‌ನಂತೆ ಜೋಡಿಸಿದ ಪಾತ್ರೆಗಳು, ಸುತ್ತ ನೀರು, ತಳದಲ್ಲಿ ಒಂದಿಷ್ಟು ಕೆಂಡ. ಅಡಿಯ ಪಾತ್ರೆಯಲ್ಲಿ ಮಾಂಸ, ಮೇಲೆ ಅಕ್ಕಿ, ಬೇಳೆ, ತರಕಾರಿ. ಇದ್ದಿಲು ಬೂದಿಯಾಗುವ ಹೊತ್ತಿಗೆ ಎಲ್ಲವೂ ಬೆಂದಿರುತ್ತದೆ. ತಳ ಹಿಡಿಯುವ ಭಯವಿಲ್ಲ, ಕಾಯುವ ಕೆಲಸವಿಲ್ಲ. ದಕ್ಷಿಣದಲ್ಲಿ ಇದೇ ಬಗೆಯ ಇದ್ದಿಲು ಕುಕ್ಕರ್ ರುಕ್ಮಿಣಿ ಕುಕ್ಕರ್ ಎಂಬ ಹೆಸರಿನಲ್ಲಿ ಮನೆಮನೆಗೆ ಬಂತು. ಫೋರ್ಟಿನ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದ ನನ್ನ ಮಾವನವರ ಬಳಿ ಹಿತ್ತಾಳೆಯದೊಂದು ಇತ್ತು. ಅತ್ತೆ ಊರಿಂದ ಬರುವವರೆಗೆ ಅವರು ಊಟ ಮಾಡಿದ್ದು ಅದರಲ್ಲೇ. ಸಂಜೆ ಕೆಂಡ ಹಾಕಿ ರಾತ್ರಿ ಶಾಲೆಗೆ ಹೋಗುವುದು, ಬಂದು ಬಿಸಿ ಬಿಸಿ ಉಣ್ಣುವುದು. ವಾರದ ನಡುವೆಯೂ ಕೋಳಿ ತಿನ್ನುತ್ತಿದ್ದ ಚಾಳಿನ ಏಕಮಾತ್ರ ಗುಮಾಸ್ತ ತಾನು ಎಂದು ಅವರು ಹೆಮ್ಮೆಯಿಂದ ಹೇಳುತ್ತಿದ್ದರು.

ಇದಕ್ಕೂ ಹಿಂದೆ, ಇದೇ ಮುಂಬಯಿಯಲ್ಲಿ, ರಾತ್ರಿಯಿಡೀ ಬೇಯುವ ಕೋಳಿಯೊಂದಿತ್ತು. 1832ರಲ್ಲಿ ಡೇವಿಡ್ ಸಸೂನ್ ಇಲ್ಲಿಗೆ ಬಂದ ಮೇಲೆ ಬಾಗ್ದಾದಿನ ಯಹೂದಿ ಕುಟುಂಬಗಳು ಒಂದೊಂದಾಗಿ ಬಂದು ನೆಲೆಸಿದವು. ಭಾಯ್ಖಳಾದ ಮಾಗೆನ್ ಡೇವಿಡ್ ಮಂದಿರ, ಫೋರ್ಟಿನಲ್ಲಿ 1884ರ ನೀಲಿ ಬಣ್ಣದ ಕೆನೆಸೆತ್ ಎಲಿಯಾಹೂ ಮಂದಿರ ಅವರದ್ದೇ. ಶುಕ್ರವಾರ ಸೂರ್ಯ ಮುಳುಗಿದ ಮೇಲೆ ಶನಿವಾರ ರಾತ್ರಿಯವರೆಗೆ ಅವರು ಬೆಂಕಿ ಹೊತ್ತಿಸುವಂತಿಲ್ಲ. ಆದರೂ ಶನಿವಾರ ಪ್ರಾರ್ಥನೆ ಮುಗಿಸಿ ಬಂದಾಗ ಬಿಸಿಯೂಟ ಬೇಕು. ಅದಕ್ಕಾಗಿ ಶುಕ್ರವಾರ ಸಂಜೆಯೇ ಕೋಳಿಯ ಹೊಟ್ಟೆಗೆ ಅಕ್ಕಿ, ಚಕ್ಕೆ, ಲವಂಗ, ಏಲಕ್ಕಿ ತುಂಬಿ, ಸುತ್ತಲೂ ಅಕ್ಕಿ ಹಾಕಿ, ಮುಚ್ಚಿ, ಆರುವ ಕೆಂಡದ ಮೇಲೆ ಬಿಡುತ್ತಿದ್ದರು. ಜೊತೆಗೆ ಮೊಟ್ಟೆಗಳನ್ನೂ ಇಟ್ಟರೆ ಬೆಳಗಾಗುವುದರೊಳಗೆ ಅವು ಕಂದುಬಣ್ಣಕ್ಕೆ ತಿರುಗುತ್ತಿದ್ದವು. ಬಾಗ್ದಾದಿನಲ್ಲಿ ಇದು ತಬೀತ್, ಭಾರತದ ಬಾಗ್ದಾದಿಗಳ ಮನೆಗಳಲ್ಲಿ ಹಮೀನ್. 1948ರ ನಂತರ ಆ ಕುಟುಂಬಗಳಲ್ಲಿ ಹೆಚ್ಚಿನವು ಮುಂಬಯಿ ಬಿಟ್ಟವು. ಅಡಿಗೆಯೂ ಅವರೊಂದಿಗೇ ಹೋಯಿತು.

ಪಾರ್ಲೆಯ ಅಡಿಗೆ ಕಟ್ಟೆಗೆ ಬಂದಿರುವ ಕುಕ್ಕರಿನ ಬೇರು ಇರುವುದು ಇದೇ ಶುಕ್ರವಾರದ ಪದ್ಧತಿಯಲ್ಲಿ. ಪೂರ್ವ ಯುರೋಪಿನ ಯಹೂದಿಗಳು ಮಾಂಸ, ಬೀನ್ಸ್, ಬಾರ್ಲಿಯನ್ನು ಮಡಕೆಯಲ್ಲಿ ತುಂಬಿ ಶುಕ್ರವಾರ ಸಂಜೆ ಊರಿನ ಬೇಕರಿಯ ಒಲೆಗೆ ಒಯ್ದಿಡುತ್ತಿದ್ದರು. ಬೇಕರಿಯ ಉಳಿದ ಕಾವಿನಲ್ಲಿ ಅದು ಮರುದಿನದವರೆಗೆ ಬೇಯುತ್ತಿತ್ತು. ಅದರ ಹೆಸರು ಚೋಲೆಂಟ್. ಲಿಥುವೇನಿಯಾದ ವಿಲ್ನಾದ ಈ ರೂಢಿಯನ್ನು ತಾಯಿಯ ಬಾಯಲ್ಲಿ ಕೇಳಿ ಬೆಳೆದ ಅಮೆರಿಕದ ಎಂಜಿನಿಯರ್ ಇರ್ವಿಂಗ್ ನ್ಯಾಕ್ಸನ್, ಮಡಕೆಯ ಸುತ್ತ ವಿದ್ಯುತ್ ತಂತಿ ಸುತ್ತಿ ಸಮನಾಗಿ ಕಾಯಿಸುವ ಪಾತ್ರೆಯೊಂದಕ್ಕೆ 1940ರ ಜನವರಿಯಲ್ಲಿ ಪೇಟೆಂಟ್ ಪಡೆದರು. ಬಹಳ ವರ್ಷ ಅದನ್ನು ಬೀನ್ಸ್ ಬೇಯಿಸುವ ಪಾತ್ರೆಯೆಂದೇ ಮಾರಿದರು. 1970ರಲ್ಲಿ ರೈವಲ್ ಎಂಬ ಕಂಪೆನಿ ಅವರ ಉದ್ಯಮವನ್ನು ಕೊಂಡು, ಮರುವರ್ಷ ಕ್ರಾಕ್-ಪಾಟ್ ಎಂಬ ಹೆಸರಿಟ್ಟು ಮಾರುಕಟ್ಟೆಗೆ ತಂದಿತು. ಅಮೆರಿಕದ ಹೆಂಗಸರು ದೊಡ್ಡ ಸಂಖ್ಯೆಯಲ್ಲಿ ಕೆಲಸಕ್ಕೆ ಹೊರಟಿದ್ದ ಕಾಲ ಅದು. ಪಾತ್ರೆ ಅಲ್ಲಿ ಮನೆಮಾತಾಯಿತು. ನಟ್ಟಿಗೆ ಹೋದ ನನ್ನ ಅಮ್ಮನಿಗೂ ಕಚೇರಿಗೆ ಹೋದ ಆ ಹೆಂಗಸರಿಗೂ ಬೇಕಿದ್ದದ್ದು ಒಂದೇ.

ಅದೇ ವರ್ಷಗಳಲ್ಲಿ ಮುಂಬಯಿ ಬೇರೆ ದಾರಿ ಹಿಡಿದಿತ್ತು. 1959ರಲ್ಲಿ ಹಾಕಿನ್ಸ್ ಕಂಪೆನಿ ಇಲ್ಲಿ ಹುಟ್ಟಿತು. ಪ್ರೆಶರ್ ಕುಕ್ಕರಿನೊಳಗೆ ಒತ್ತಡದಿಂದ ನೀರಿನ ಕುದಿಬಿಂದು ಸುಮಾರು 120 ಡಿಗ್ರಿಗೆ ಏರುತ್ತದೆ; ಅರ್ಧ ದಿನದ ಕೆಲಸ ನಾಲ್ಕೈದು ಸೀಟಿಗೆ ಮುಗಿಯುತ್ತದೆ. ಗ್ಯಾಸ್ ಸಿಲಿಂಡರಿಗೆ ವರ್ಷಗಟ್ಟಲೆ ಸರದಿಯಲ್ಲಿ ಕಾಯುತ್ತಿದ್ದ, ಸೀಮೆಎಣ್ಣೆ ರೇಷನ್ನಿನಲ್ಲಿ ಸಿಗುತ್ತಿದ್ದ ದಿನಗಳಲ್ಲಿ ಅದು ವರವೇ. ನಾನು ಮದುವೆಯಾಗಿ ಪಾರ್ಲೆಗೆ ಬಂದು ಬ್ಯಾಂಕಿನ ಕೆಲಸಕ್ಕೆ ಸೇರಿದ ಮೇಲೆ ಬೆಳಗಿನ ಹೊತ್ತನ್ನು ಉಳಿಸಿದ್ದೂ ಅದೇ. ಪಾರ್ಲೆಯಲ್ಲಿ ಫಾಸ್ಟ್ ಲೋಕಲ್ ನಿಲ್ಲುವುದಿಲ್ಲ. ಸ್ಲೋ ಗಾಡಿಯಲ್ಲಿ ಚರ್ಚ್‌ಗೇಟಿಗೆ ಮುಕ್ಕಾಲು ಗಂಟೆ. ಸಂಜೆ ಸ್ಟೇಷನ್ನಿನಲ್ಲಿ ಇಳಿದರೆ ಬಿಸ್ಕತ್ ಕಾರ್ಖಾನೆಯ ಪರಿಮಳ ಬರುತ್ತಿತ್ತು (2016ರಲ್ಲಿ ಅಲ್ಲಿನ ಉತ್ಪಾದನೆ ನಿಂತಿತು). ಮಾರುಕಟ್ಟೆಯಲ್ಲಿ ಅರ್ಧ ಕಿಲೋ ಕೋಳಿ ಹಿಡಿದುಕೊಂಡು ಮನೆಗೆ ಹೋದರೆ ಮಕ್ಕಳಿಗೆ ಹಸಿವು, ನನಗೆ ದಣಿವು. ಸೀಟಿ ಹೊಡೆಸದೆ ಬೇರೆ ದಾರಿ ಇರಲಿಲ್ಲ.

ಕೋಳಿಯೂ ಬದಲಾಯಿತು. ಬಿ.ವಿ. ರಾವ್ ಅವರು 1971ರಲ್ಲಿ ವೆಂಕಟೇಶ್ವರ ಹ್ಯಾಚರೀಸ್ ಸ್ಥಾಪಿಸಿದರು; ಮುಂದೆ ಬ್ರಾಯ್ಲರ್ ಕೋಳಿ ದೇಶವಿಡೀ ಹಬ್ಬಿತು. ಆರೇಳು ವಾರಕ್ಕೆ ಎರಡು ಕಿಲೋ ತೂಗುವ ಮರಿ ಅದು. ನೆಂಟರು ಬಂದಾಗ ಮಾತ್ರ ಕಾಣುತ್ತಿದ್ದ ಕೋಳಿ ಎಲ್ಲರ ಕೈಗೆ ಎಟುಕಿದ್ದು ಇದರಿಂದ. ಆ ಉಪಕಾರವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅಷ್ಟು ಎಳೆಯ ಮಾಂಸವನ್ನು ಪ್ರೆಶರ್ ಕುಕ್ಕರಿಗೆ ಹಾಕಿದರೆ ಎಲುಬಿನಿಂದ ಕಳಚಿ ಹಿಂಡಿಯಾಗುತ್ತದೆ, ಮಸಾಲೆ ಹೊರಗೇ ನಿಲ್ಲುತ್ತದೆ. ಅತ್ತೆ ಒಂದು ತುತ್ತು ಬಾಯಿಗಿಟ್ಟು, “ಮಾರಾಯ್ತಿ, ಕೋಳಿಯೂ ಬೇರೆ, ಸಾರೂ ಬೇರೆ ಆಯ್ತಲ್ಲ” ಎನ್ನುತ್ತಿದ್ದರು. ಅವರ ಮಾತು ಸರಿ.

ನಿವೃತ್ತಿಯ ನಂತರ ಮಗಳು ಸ್ಲೋ ಕುಕ್ಕರ್ ತಂದಾಗ ನನಗೆ ಮೊದಲು ನೆನಪಾದದ್ದು ಕೆಂಡದ ಮೇಲಿನ ಅಳಗೆ. ಈಗ ಬುಧವಾರ, ಶುಕ್ರವಾರಗಳಲ್ಲಿ ಅವಳ ಮನೆಯಲ್ಲಿ ಕೋಳಿ ಬೇಯುತ್ತದೆ. ಸೋಮವಾರ, ಗುರುವಾರ, ಶನಿವಾರ ನಮ್ಮಲ್ಲಿ ಮಾಂಸವಿಲ್ಲ. ಅವಳಿಗೆ ಹೇಳಿಕೊಟ್ಟದ್ದನ್ನೇ ಇಲ್ಲೂ ಹೇಳುತ್ತೇನೆ. ಬ್ರಾಯ್ಲರ್ ಎದೆಮಾಂಸ ಇದಕ್ಕೆ ಆಗದು, ಹೊತ್ತು ಹೆಚ್ಚಾದರೆ ಒಣ ನಾರಾಗುತ್ತದೆ. ಎಲುಬಿರುವ ಕಾಲು, ತೊಡೆ ತೆಗೆದುಕೊಳ್ಳಬೇಕು. ಊರ ಕೋಳಿ ಸಿಕ್ಕಿದರೆ ಬಿಡಬಾರದು. ಈ ಪಾತ್ರೆಯಲ್ಲಿ ಏನೂ ಕೆಂಪಗಾಗುವುದಿಲ್ಲ, ಹಾಗಾಗಿ ನೀರುಳ್ಳಿಯನ್ನು ಹಿಂದಿನ ರಾತ್ರಿಯೇ ಬಾಣಲೆಯಲ್ಲಿ ಹುರಿದಿಟ್ಟುಕೊಳ್ಳಬೇಕು. ಹಬೆ ಹೊರಹೋಗದ ಕಾರಣ ನೀರು ಅರ್ಧ ಲೋಟ ಸಾಕು. ಸಣ್ಣ ಉರಿಯಲ್ಲಿ ಬ್ರಾಯ್ಲರ್ ಕಾಲಿಗೆ ಐದಾರು ಗಂಟೆ, ಊರ ಕೋಳಿಗೆ ಎಂಟು. ಕಾಯಿಹಾಲು ಮೊದಲೇ ಹಾಕಿದರೆ ಒಡೆಯುತ್ತದೆ, ಕೊನೆಯ ಅರ್ಧ ಗಂಟೆಗೆ ಇರಲಿ. ನಡುನಡುವೆ ಮುಚ್ಚಳ ತೆಗೆದರೆ ಶಾಖ ಇಳಿದು ಅಷ್ಟು ಹೊತ್ತು ಹಿಂದೆ ಬೀಳುತ್ತದೆ. ನೀರ್ ದೋಸೆಯ ಹಿಟ್ಟು ಫ್ರಿಜ್ಜಿನಲ್ಲಿದ್ದರೆ ರಾತ್ರಿಯ ಊಟಕ್ಕೆ ಬೇರೇನೂ ಬೇಡ. ಖರ್ಚೂ ಕಡಿಮೆ: 200 ವ್ಯಾಟಿನ ಕುಕ್ಕರ್ ಆರು ಗಂಟೆ ಉರಿದರೆ 1.2 ಯೂನಿಟ್.

ಕೆಲವು ಎಚ್ಚರಿಕೆಗಳು ಊಟಕ್ಕಿಂತ ಮುಖ್ಯ. ಐಸಾಗಿರುವ ಕೋಳಿಯನ್ನು ಹಾಗೇ ಹಾಕಬಾರದು. ಬಿಸಿಯೇರುವುದು ತಡವಾಗಿ ಒಳಗೆ ಹುಳಿಯಲು ಶುರುವಾಗುತ್ತದೆ. ಹಸಿ ಕೋಳಿ ತುಂಬಿಸಿ ಟೈಮರ್ ಇಟ್ಟು ಮಧ್ಯಾಹ್ನ ಶುರುವಾಗಲಿ ಎಂದು ಹೊರಡುವುದು ಮುಂಬಯಿಯ ಸೆಕೆಗೆ ತಕ್ಕದ್ದಲ್ಲ. ನೆನೆಸಿದ ರಾಜ್ಮಾವನ್ನು ಬೇರೆಯಾಗಿ ಚೆನ್ನಾಗಿ ಕುದಿಸದೆ ಇದಕ್ಕೆ ಹಾಕಲೇಬಾರದು, ಅದರಲ್ಲಿರುವ ವಿಷಾಂಶ ಸಣ್ಣ ಶಾಖಕ್ಕೆ ಹೋಗುವುದಿಲ್ಲ. ಅಮೆರಿಕದಿಂದ ತಂದ ಕುಕ್ಕರ್ 120 ವೋಲ್ಟಿನದು, ನಮ್ಮ ಮನೆಗಳದ್ದು 230. ನಡುವೆ ಟ್ರಾನ್ಸ್‌ಫಾರ್ಮರ್ ಇಲ್ಲದೆ ಚುಚ್ಚಬೇಡಿ.

ಮುಂಬಯಿ ಕನ್ನಡಿಗರ ಹೋಟೆಲುಗಳ ಬಗ್ಗೆ, ಸಂಘಗಳ ಬಗ್ಗೆ ಬರೆದವರಿದ್ದಾರೆ. ಮಾಟುಂಗಾದಲ್ಲಿ 1942ರಲ್ಲಿ ಶುರುವಾದ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಎಲ್ಲರಿಗೂ ಗೊತ್ತು. ಕೋಣೆಯಲ್ಲಿ ಒಬ್ಬೊಬ್ಬರೇ ಬೇಯಿಸಿಕೊಂಡು ಉಂಡವರ, ಕಚೇರಿಯಿಂದ ಬಂದು ಮನೆಮಂದಿಗೆ ಬಡಿಸಿದವರ ಅಡಿಗೆಯ ಬಗ್ಗೆ ಬರಹ ಬಹಳ ಕಡಿಮೆ. ನಿಮ್ಮ ಮನೆಯ ಅಟ್ಟದ ಮೇಲೆ ಇದ್ದಿಲಿನ ಹಿತ್ತಾಳೆ ಕುಕ್ಕರ್ ಇದ್ದರೆ ದಯವಿಟ್ಟು ಗುಜರಿಯವನಿಗೆ ತೂಕಕ್ಕೆ ಹಾಕಬೇಡಿ. ಅದರಲ್ಲಿ ಯಾರು, ಯಾವ ಚಾಳಿನಲ್ಲಿ, ಏನು ಬೇಯಿಸುತ್ತಿದ್ದರು ಎಂದು ಮನೆಯ ಹಿರಿಯರನ್ನು ಈ ವಾರವೇ ಕೇಳಿ ಬರೆದಿಡಿ.