ಬ್ರೌಸರಿನ ಅಜ್ಞಾತವಾಸ: ಖಾಸಗಿ ಕಿಟಕಿಯ ಇತಿಹಾಸ

ಭೌತವಿಜ್ಞಾನದಲ್ಲಿ ಒಂದು ಲೆಕ್ಕ ಬಿಡಿಸುವ ಮೊದಲು ನಮ್ಮ ‘ವ್ಯವಸ್ಥೆ’ ಯಾವುದು, ಅದರ ಗಡಿ ಎಲ್ಲಿದೆ ಎಂಬುದನ್ನು ನಿರ್ಧರಿಸಿಕೊಳ್ಳಬೇಕು ಎಂದು ವಿದ್ಯಾರ್ಥಿಗಳಿಗೆ ಹೇಳುತ್ತೇವೆ. ಗಡಿಯನ್ನು ತಪ್ಪಾಗಿ ಎಳೆದುಕೊಂಡರೆ ಉತ್ತರವೂ ತಪ್ಪುತ್ತದೆ. ಗಣಕ ಮತ್ತು ಮೊಬೈಲುಗಳ ಬ್ರೌಸರಿನಲ್ಲಿರುವ ‘ಖಾಸಗಿ ವೀಕ್ಷಣೆ’ ಎಂಬ ಸೌಲಭ್ಯವನ್ನು ಅರ್ಥಮಾಡಿಕೊಳ್ಳಲೂ ಇದೇ ಪ್ರಶ್ನೆ ನೆರವಾಗುತ್ತದೆ. ಕ್ರೋಮ್ ಬ್ರೌಸರಿನಲ್ಲಿ ಇದರ ಹೆಸರು ‘ಇನ್‌ಕಾಗ್ನಿಟೊ’, ಎಂದರೆ ಅಜ್ಞಾತ. ಯಾರಿಗೆ ಅಜ್ಞಾತ? ಎಲ್ಲಿಯವರೆಗೆ ಅಜ್ಞಾತ?

ಹಲವರಿಗೆ ಒಂದೇ ಗಣಕ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳನ್ನು ಸೇರಿಸಿ 2007ರಲ್ಲಿ ರಾಮನಗರ ಜಿಲ್ಲೆಯನ್ನು ರಚಿಸಲಾಯಿತು. 2025ರಲ್ಲಿ ಅದಕ್ಕೆ ಬೆಂಗಳೂರು ದಕ್ಷಿಣ ಜಿಲ್ಲೆ ಎಂದು ಹೆಸರಾಯಿತು. ರಾಜಧಾನಿಗೆ ಇಷ್ಟು ಹತ್ತಿರವಿದ್ದರೂ ಇಲ್ಲಿಯ ಎಲ್ಲ ಮನೆಗಳಲ್ಲಿ ಗಣಕವಿಲ್ಲ. ಫಲಿತಾಂಶ ನೋಡಲು, ಸಿಇಟಿ ಆಪ್ಷನ್ ಎಂಟ್ರಿ ಮಾಡಲು, ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಲು ಹಳ್ಳಿಯ ವಿದ್ಯಾರ್ಥಿಗಳು ಪೇಟೆಯ ಸೈಬರ್ ಸೆಂಟರಿಗೆ ಬರುತ್ತಾರೆ. ಒಬ್ಬರು ಎದ್ದ ಕುರ್ಚಿಯಲ್ಲಿ ಇನ್ನೊಬ್ಬರು ಕೂರುತ್ತಾರೆ. ಮೊದಲು ಕುಳಿತವರು ತಮ್ಮ ಖಾತೆಯಿಂದ ಲಾಗ್ ಔಟ್ ಆಗುವುದನ್ನು ಮರೆತಿದ್ದರೆ, ಮುಂದೆ ಕುಳಿತವರಿಗೆ ಆ ಖಾತೆ ತೆರೆದೇ ಸಿಗಬಹುದು. ಆಯ್ಕೆಮಾಡಿದ ಕಾಲೇಜುಗಳ ಕ್ರಮವನ್ನು ಯಾರಾದರೂ ಬದಲಿಸಿದರೆ ಒಂದು ಸೀಟೇ ಕೈತಪ್ಪಬಹುದು. ಖಾಸಗಿ ಕಿಟಕಿ ರೂಪುಗೊಂಡದ್ದು ಇಂಥ ಹಂಚಿಕೊಂಡ ಗಣಕಗಳಿಗಾಗಿಯೇ.

ಮರೆವಿನ ಜಾಲಕ್ಕೆ ನೆನಪು ಬಂದ ಬಗೆ

ಟಿಮ್ ಬರ್ನರ್ಸ್-ಲೀ 1989ರಲ್ಲಿ ಜಿನೀವಾದ ಸರ್ನ್ ಪ್ರಯೋಗಾಲಯದಲ್ಲಿ ವಿಶ್ವವ್ಯಾಪಿ ಜಾಲದ ಪ್ರಸ್ತಾವನೆ ಮಂಡಿಸಿದರು. ಜಾಲದ ಸಂವಹನ ನಿಯಮವಾದ ಎಚ್‌ಟಿಟಿಪಿಗೆ ಸ್ವಂತ ನೆನಪಿರಲಿಲ್ಲ. ನೀವು ಒಂದು ಪುಟ ಕೇಳುತ್ತೀರಿ, ಸರ್ವರ್ ಕೊಡುತ್ತದೆ. ಮರುಕ್ಷಣ ಇನ್ನೊಂದು ಪುಟ ಕೇಳಿದರೆ ಅದರ ಪಾಲಿಗೆ ನೀವು ಹೊಸಬರು. ಓದುವುದಕ್ಕಷ್ಟೇ ಇದು ಸಾಕು. ಅಂಗಡಿ ನಡೆಸುವುದಕ್ಕೆ ಸಾಲದು. ಗ್ರಾಹಕರು ಬುಟ್ಟಿಗೆ ಹಾಕಿದ ವಸ್ತು ಮುಂದಿನ ಪುಟಕ್ಕೆ ಹೋಗುವಷ್ಟರಲ್ಲಿ ಮರೆತುಹೋಗುತ್ತಿತ್ತು.

1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮಾಂಟುಲಿ ಇದಕ್ಕೆ ‘ಕುಕಿ’ ಎಂಬ ಪರಿಹಾರ ತಂದರು. ದೇವಸ್ಥಾನದ ಹೊರಗೆ ಚಪ್ಪಲಿ ಬಿಟ್ಟಾಗ ಕೊಡುವ ಟೋಕನ್ನಿಗೆ ಇದನ್ನು ಹೋಲಿಸಬಹುದು. ಸರ್ವರ್ ಒಂದು ಗುರುತನ್ನು ಕೊಡುತ್ತದೆ. ಬ್ರೌಸರ್ ಅದನ್ನು ಇಟ್ಟುಕೊಂಡು ಪ್ರತಿಸಲವೂ ತೋರಿಸುತ್ತದೆ. ಇದರ ಜೊತೆಗೆ ನೋಡಿದ ಪುಟಗಳ ಪಟ್ಟಿ, ಪುಟಗಳು ಬೇಗ ತೆರೆಯಲೆಂದು ಉಳಿಸಿಕೊಂಡ ಚಿತ್ರಗಳು, ಅರ್ಜಿಗಳಲ್ಲಿ ತುಂಬಿದ ಹೆಸರು ಮತ್ತು ವಿಳಾಸ ಎಲ್ಲವೂ ಬ್ರೌಸರಿನಲ್ಲಿ ಸೇರತೊಡಗಿದವು. ಒಬ್ಬರದೇ ಗಣಕವಾದರೆ ಇದು ಅನುಕೂಲ; ಹತ್ತು ಜನರದಾದರೆ ಅಪಾಯ.

ಐದು ವರ್ಷಗಳಲ್ಲಿ ಐದು ಬ್ರೌಸರುಗಳು

ಪ್ರಮುಖ ಬ್ರೌಸರುಗಳಲ್ಲಿ ಈ ನೆನಪನ್ನು ತಾತ್ಕಾಲಿಕಗೊಳಿಸಿದ್ದು ಮೊದಲಿಗೆ ಆಪಲ್ ಕಂಪನಿಯ ಸಫಾರಿ, ಏಪ್ರಿಲ್ 2005ರಲ್ಲಿ. ಸೆಪ್ಟೆಂಬರ್ 2008ರಲ್ಲಿ ಬಂದ ಗೂಗಲ್ ಕ್ರೋಮ್‌ನಲ್ಲಿ ಇನ್‌ಕಾಗ್ನಿಟೊ ಇತ್ತು. 2009ರ ಮಾರ್ಚಿನಲ್ಲಿ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 8, ಜೂನ್‌ನಲ್ಲಿ ಫೈರ್‌ಫಾಕ್ಸ್ 3.5, 2010ರಲ್ಲಿ ಒಪೆರಾ 10.50 ಇದೇ ದಾರಿ ಹಿಡಿದವು. ಮನೆಯವರಿಗೆ ತಿಳಿಯದಂತೆ ಉಡುಗೊರೆ ಕೊಳ್ಳುವುದು ಈ ಸೌಲಭ್ಯಕ್ಕೆ ಆಗ ಕೊಡುತ್ತಿದ್ದ ಒಂದು ಉದಾಹರಣೆ. ಅಂದರೆ ಮರೆಮಾಚಬೇಕಾದದ್ದು ಅದೇ ಗಣಕವನ್ನು ಬಳಸುವ ಇನ್ನೊಬ್ಬರಿಂದ.

ಇದರ ಕೆಲಸ ಸರಳ. ಖಾಸಗಿ ಕಿಟಕಿ ತೆರೆದಾಗ ಬ್ರೌಸರ್ ಹಳೆಯ ಕುಕಿಗಳನ್ನು ಬದಿಗಿಟ್ಟು ಖಾಲಿ ಡಬ್ಬಿಯೊಂದಿಗೆ ಆರಂಭಿಸುತ್ತದೆ. ಆ ಅವಧಿಯ ಕುಕಿಗಳನ್ನು ತಾತ್ಕಾಲಿಕವಾಗಿ ಮಾತ್ರ ಇಟ್ಟುಕೊಂಡು, ಎಲ್ಲ ಖಾಸಗಿ ಕಿಟಕಿಗಳನ್ನು ಮುಚ್ಚಿದಾಗ ಅಳಿಸುತ್ತದೆ. ನೋಡಿದ ಪುಟಗಳ ಪಟ್ಟಿಯನ್ನು ಉಳಿಸುವುದಿಲ್ಲ. ಆದರೆ ನೀವು ಇಳಿಸಿಕೊಂಡ ಕಡತಗಳು ಗಣಕದಲ್ಲೇ ಉಳಿಯುತ್ತವೆ. ಅಂಕಪಟ್ಟಿ, ಆದಾಯ ಪ್ರಮಾಣಪತ್ರ, ಆಧಾರ್ ಪ್ರತಿ ಯಾವುದೇ ಇರಲಿ, ನೀವಾಗಿ ಅಳಿಸದಿದ್ದರೆ ಮುಂದಿನವರಿಗೆ ಕಾಣುತ್ತದೆ.

ಗಡಿಯಾಚೆ ಉಳಿಯುವ ಲೆಕ್ಕ

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಗೂಡು ಮಾರಿದ ರೈತರು ತಮ್ಮ ಕೈಯಲ್ಲಿರುವ ಚೀಟಿಯನ್ನು ಹರಿದುಹಾಕಬಹುದು. ಅದರಿಂದ ಮಾರುಕಟ್ಟೆಯ ದಾಖಲೆಯಲ್ಲಿರುವ ತೂಕ, ಬೆಲೆ ಅಳಿಸಿಹೋಗುವುದಿಲ್ಲ. ಖಾಸಗಿ ಕಿಟಕಿಯೂ ಹರಿದುಹಾಕುವುದು ನಮ್ಮ ಕಡೆಯ ಚೀಟಿಯನ್ನು ಮಾತ್ರ. ನಾವು ಭೇಟಿಕೊಟ್ಟ ತಾಣಕ್ಕೆ ನಮ್ಮ ಐಪಿ ವಿಳಾಸ ತಿಳಿಯುತ್ತದೆ. ಲಾಗಿನ್ ಆದರೆ ಹೆಸರೂ ತಿಳಿಯುತ್ತದೆ. ಪುಟದ ಒಳಗಿನ ವಿಷಯ ಗೂಢಲಿಪಿಯಲ್ಲಿ ಸಾಗಿದರೂ, ಯಾವ ತಾಣಕ್ಕೆ ಹೋದೆವೆಂಬುದು ಅಂತರಜಾಲ ಸೇವೆ ಒದಗಿಸುವ ಸಂಸ್ಥೆಗೆ ಸಾಮಾನ್ಯವಾಗಿ ಗೊತ್ತಾಗುತ್ತದೆ.

ವಿರಾಟನಗರದಲ್ಲಿ ಪಾಂಡವರು ಹೆಸರು, ವೇಷ ಬದಲಿಸಿಕೊಂಡಿದ್ದರು; ಆದರೆ ಅರಮನೆಯವರ ಕಣ್ಣೆದುರಿಗೇ ಓಡಾಡುತ್ತಿದ್ದರು. ಗೋಗ್ರಹಣದ ದಿನ ಬಿಲ್ಲಿನ ಟಂಕಾರ ಕೇಳಿಯೇ ದ್ರೋಣರು ಅರ್ಜುನನನ್ನು ಗುರುತಿಸಿದರು. ಬ್ರೌಸರಿಗೂ ಇಂಥ ಟಂಕಾರವಿದೆ. ಪರದೆಯ ಅಳತೆ, ಅಕ್ಷರಶೈಲಿಗಳು, ತಂತ್ರಾಂಶದ ಆವೃತ್ತಿ ಇವೆಲ್ಲ ಸೇರಿ ಒಂದು ‘ಬೆರಳಚ್ಚು’ ಆಗುತ್ತದೆ. ಅಮೆರಿಕದ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ 2010ರಲ್ಲಿ ಸುಮಾರು 4,70,000 ಬ್ರೌಸರುಗಳನ್ನು ಪರಿಶೀಲಿಸಿದಾಗ ಶೇ. 83.6ರಷ್ಟು ಬೆರಳಚ್ಚುಗಳು ಆ ಸಂಗ್ರಹದಲ್ಲಿ ಅನನ್ಯವಾಗಿದ್ದವು. ಕುಕಿ ಅಳಿಸಿದರೂ ಗುರುತು ಸಿಗಬಹುದೆಂದು ಇದರಿಂದ ಸ್ಪಷ್ಟವಾಯಿತು.

ಅದೇ ವರ್ಷ ಸ್ಟ್ಯಾನ್‌ಫರ್ಡ್ ಮತ್ತು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯಗಳ ಸಂಶೋಧಕರು ನಮ್ಮ ಗಡಿಯ ಪ್ರಶ್ನೆಯನ್ನೇ ಕೇಳಿದರು. ಗಣಕಕ್ಕೆ ಕೈಹಾಕಬಲ್ಲವರಿಂದ ರಕ್ಷಣೆ ಬೇರೆ, ದೂರದ ತಾಣದಿಂದ ರಕ್ಷಣೆ ಬೇರೆ ಎಂದು ವಿಂಗಡಿಸಿದರು. ಬ್ರೌಸರಿಗೆ ಸೇರಿಸಿಕೊಳ್ಳುವ ಕೆಲವು ವಿಸ್ತರಣೆಗಳಿಂದ ಗಣಕದೊಳಗೂ ಜಾಡು ಉಳಿಯುತ್ತದೆಂದು ತೋರಿಸಿದರು. 2018ರಲ್ಲಿ 460 ಜನರನ್ನು ಒಳಗೊಂಡ ಇನ್ನೊಂದು ಅಧ್ಯಯನ ನಡೆಯಿತು. ಗೂಗಲ್ ಖಾತೆಗೆ ಲಾಗಿನ್ ಆಗಿದ್ದರೂ ಖಾಸಗಿ ಕಿಟಕಿಯಲ್ಲಿ ಹುಡುಕಿದ್ದು ಎಲ್ಲೂ ದಾಖಲಾಗದೆಂದು ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ನಂಬಿದ್ದರು.

ಕಾನೂನಿನ ಕಟಕಟೆಯಲ್ಲಿ

ಈ ನಂಬಿಕೆಗೂ ವಾಸ್ತವಕ್ಕೂ ಇರುವ ಅಂತರ 2020ರಲ್ಲಿ ಕ್ಯಾಲಿಫೋರ್ನಿಯಾದ ನ್ಯಾಯಾಲಯವನ್ನು ತಲುಪಿತು. ಇನ್‌ಕಾಗ್ನಿಟೊ ಬಳಸಿದಾಗಲೂ ಗೂಗಲ್ ಮಾಹಿತಿ ಸಂಗ್ರಹಿಸುತ್ತದೆ ಎಂಬುದು ದೂರು. 2024ರಲ್ಲಿ ಸಲ್ಲಿಕೆಯಾದ ರಾಜಿ ಒಪ್ಪಂದದಂತೆ, ಕೋಟಿಗಟ್ಟಲೆ ದಾಖಲೆಗಳನ್ನು ನಾಶಪಡಿಸಲು ಗೂಗಲ್ ಒಪ್ಪಿತು. ಇನ್‌ಕಾಗ್ನಿಟೊ ಪುಟದ ಎಚ್ಚರಿಕೆಯ ಮಾತೂ ಆ ವರ್ಷ ಹೆಚ್ಚು ಸ್ಪಷ್ಟವಾಯಿತು.

ನಮ್ಮಲ್ಲಿ 2011ರ ಸೈಬರ್ ಕೆಫೆ ನಿಯಮಗಳು ಇನ್ನೊಂದು ಗಡಿಯನ್ನು ಹಾಕಿದವು. ಅವುಗಳ ಪ್ರಕಾರ ಬಳಕೆದಾರರು ಗುರುತಿನ ದಾಖಲೆ ತೋರಿಸಬೇಕು. ಗಣಕಗಳ ನಡುವಿನ ಅಡ್ಡಗೋಡೆ ನಾಲ್ಕೂವರೆ ಅಡಿ ಮೀರಬಾರದು. ನೋಡಿದ ತಾಣಗಳ ದಾಖಲೆಯನ್ನು ಮಾಲೀಕರು ಕನಿಷ್ಠ ಒಂದು ವರ್ಷ ಇಡಬೇಕು. ಅಂದರೆ ಸೆಂಟರಿನಲ್ಲಿ ಕುಳಿತವರು ಮುಂದಿನ ಗ್ರಾಹಕರಿಗೆ ಅಜ್ಞಾತರಾಗಬಹುದೇ ಹೊರತು ಕಾನೂನಿಗೆ ಅಲ್ಲ.

ಹಾಗಾದರೆ ಖಾಸಗಿತನವನ್ನು ಕಾಯುವವರು ಯಾರು? ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಸಲ್ಲಿಸಿದ್ದರು. ಆ ಪ್ರಕರಣದಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ತೀರ್ಪಿತ್ತಿತು. 2023ರಲ್ಲಿ ಸಂಸತ್ತು ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು ಅಂಗೀಕರಿಸಿತು. ತಂತಿಯ ಆಚೆ ತುದಿಯಲ್ಲಿ ಉಳಿಯುವ ನಮ್ಮ ಮಾಹಿತಿಗೆ ಕಾವಲು ಬೇಕಾದರೆ ಇಂಥ ಕಾನೂನಿನಿಂದಲೇ ಬರಬೇಕು. ಬ್ರೌಸರಿನ ಒಂದು ಗುಂಡಿ ಅದನ್ನು ಕೊಡಲಾರದು.

ಈಚೆ ತುದಿಯ ಕಾವಲು ಮಾತ್ರ ನಮ್ಮ ಕೈಯಲ್ಲಿದೆ. ಅಧ್ಯಾಪಕರು ತರಗತಿಯಲ್ಲಿ ಹತ್ತು ನಿಮಿಷ ಇದಕ್ಕೆ ಮೀಸಲಿಟ್ಟರೆ ಸಾಕು. ಬೇರೆಯವರ ಗಣಕದಲ್ಲಿ ಖಾಸಗಿ ಕಿಟಕಿಯನ್ನೇ ತೆರೆಯಿರಿ. ಕೆಲಸ ಮುಗಿದ ಮೇಲೆ ಲಾಗ್ ಔಟ್ ಆಗಿ. ಇಳಿಸಿಕೊಂಡ ಕಡತಗಳನ್ನು ಅಳಿಸಿ, ರೀಸೈಕಲ್ ಬಿನ್ನನ್ನೂ ಖಾಲಿ ಮಾಡಿ. ಎಲ್ಲ ಖಾಸಗಿ ಕಿಟಕಿಗಳನ್ನು ಮುಚ್ಚಿ. ಕೀಲಿ ಒತ್ತಿದ್ದನ್ನೆಲ್ಲ ಕದ್ದು ದಾಖಲಿಸುವ ತಂತ್ರಾಂಶವೇನಾದರೂ ಆ ಗಣಕದಲ್ಲಿದ್ದರೆ ಖಾಸಗಿ ಕಿಟಕಿ ಅದನ್ನು ತಡೆಯದು. ಆದ್ದರಿಂದ ಬ್ಯಾಂಕಿನ ವ್ಯವಹಾರವನ್ನು ಅಲ್ಲಿ ಮಾಡದಿರುವುದೇ ಕ್ಷೇಮ. ನಂತರ ವಿದ್ಯಾರ್ಥಿಗಳಿಗೆ ಒಂದು ಚಿತ್ರ ಬರೆಯಲು ಹೇಳಿ: ಗಣಕ, ಸೈಬರ್ ಸೆಂಟರ್, ಸೇವಾ ಸಂಸ್ಥೆ, ತಾಣ. ಖಾಸಗಿ ಕಿಟಕಿಯ ಗಡಿಯನ್ನು ಅವರೇ ಎಳೆಯಲಿ. ಗೆರೆ ಗಣಕದ ಸುತ್ತ ಮಾತ್ರ ಬಿದ್ದರೆ ಪಾಠ ಅರ್ಥವಾಗಿದೆ ಎಂದು ತಿಳಿಯಬಹುದು.